ಎಣ್ಣೆ ಬಿಟ್ಟ ವರ್ಷ

ಸರಳಾಳ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿದವಳು ಶಶಿರೇಖಾ. 2012ರ ನವೆಂಬರಿನ ಒಂದು ಗುರುವಾರ, ಸಬ್ ರಿಜಿಸ್ಟ್ರಾರ್ ಕಚೇರಿಯ ಉದ್ದನೆಯ ಬೆಂಚಿನ ಮೇಲೆ ಮೂವರೂ ಸಾಲಾಗಿ ಕುಳಿತಿದ್ದರು. ಮದುಮಗಳಿಗೆ ಐವತ್ತೊಂದು. ಮದುಮಗ ಅಶ್ವತ್ಥಪ್ಪನಿಗೆ ಐವತ್ತಾರು. ಶಶಿರೇಖಾಳಿಗೆ ನಲವತ್ತೊಂಬತ್ತು. ಗುಮಾಸ್ತ ಕಾಗದದಿಂದ ತಲೆ ಎತ್ತಿ, "ಹುಡುಗ ಹುಡುಗಿ ಇನ್ನೂ ಬಂದಿಲ್ವಾ?" ಎಂದು ಕೇಳಿದಾಗ ಮೂವರಿಗೂ ನಗು ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶಶಿರೇಖಾ. ಆಮೇಲೆ ಸಹಿ ಮಾಡುವಾಗ ಪೆನ್ನು ಒಂದೆರಡು ಸಲ ಕಾಗದದ ಮೇಲೆ ಮೂಡಲಿಲ್ಲ. ಅಶ್ವತ್ಥಪ್ಪ ತನ್ನ ಜೇಬಿನಿಂದ ಬೇರೆ ಪೆನ್ನು ತೆಗೆದುಕೊಟ್ಟ.

ಅವಳೂ ಸರಳಾಳೂ ಸಂಜಯನಗರದ ಒಂದು ಮನೆಯ ಮಹಡಿಯಲ್ಲಿ ಹತ್ತೊಂಬತ್ತು ವರ್ಷ ಒಟ್ಟಿಗೆ ಬಾಳಿದ್ದರು. ಮೊದಲು ಪರಿಚಯವಾದದ್ದು ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲೊಂದರಲ್ಲಿ. ಅಲ್ಲಿನ ಸಾರು ಸಹಿಸಲಾಗದೆ ಇಬ್ಬರೂ ಸೇರಿ ಬಾಡಿಗೆ ಮನೆ ಹುಡುಕಿದ್ದರು. ಶಶಿರೇಖಾಳಿಗೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಸರಳಾ ಆರ್.ಟಿ. ನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹೆಡ್ ನರ್ಸ್. ಒಬ್ಬಳಿಗೆ ಜಾತಕ ಕೂಡಿಬರಲಿಲ್ಲ, ಇನ್ನೊಬ್ಬಳಿಗೆ ತಂಗಿಯರ ಜವಾಬ್ದಾರಿ ಮುಗಿಯಲಿಲ್ಲ. ಬಂಧುಗಳು ವಿಚಾರಿಸುವುದನ್ನು ಬಿಟ್ಟ ಮೇಲೆ ಇಬ್ಬರಿಗೂ ಹಾಯೆನಿಸಿತು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಗಂಜಿ ಕಾಯಿಸಿದಳು. ಜಗಳವಾಡಿದ್ದೂ ಉಂಟು, ಟೀವಿಗೆ, ಫ್ಯಾನಿಗೆ, ಹಾಲು ಉಕ್ಕಿದ್ದಕ್ಕೆ. ಅದೊಂದು ಸಂಸಾರವೆಂದು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಶ್ವತ್ಥಪ್ಪ ರಾಜಾನುಕುಂಟೆಯವನು. ಮಕ್ಕಳಿಲ್ಲ, ಹೆಂಡತಿ ಸತ್ತು ಎಂಟು ವರ್ಷವಾಗಿತ್ತು. ದ್ರಾಕ್ಷಿ ತೋಟ ಮಾಡಿಕೊಂಡಿದ್ದ. ಅವನ ತಾಯಿ ಅಕ್ಕಯ್ಯಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಇಪ್ಪತ್ತೆರಡು ದಿನ ಆ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಾಗ ಸರಳಾಳನ್ನು ಕಂಡಿದ್ದ. ತಾಯಿ ಗುಣವಾಗಿ ಹೋದ ಮೇಲೂ ಅವನು ಪ್ರತಿ ಶನಿವಾರ ದ್ರಾಕ್ಷಿ ತಂದುಕೊಡುತ್ತಿದ್ದ. ಶಶಿರೇಖಾ ಆ ದ್ರಾಕ್ಷಿಯನ್ನು ಚಪ್ಪರಿಸಿ ತಿಂದು, "ನಿನ್ ಪೇಶೆಂಟ್ ಮಗ ಬಾಳ ಒಳ್ಳೆಯವನು ಕಣೇ" ಎಂದು ಹೊಗಳುತ್ತಿದ್ದಳು. ದ್ರಾಕ್ಷಿ ಏತಕ್ಕೆ ಬರುತ್ತಿದೆ ಎಂದು ಅವಳಿಗೆ ಹೊಳೆದದ್ದು ಸರಳಾ ಹೇಳಿದ ಮೇಲೆಯೇ.

ಸರಳಾ ಹೊರಟ ದಿನ ಎರಡು ಸೂಟ್‌ಕೇಸು, ಒಂದು ಹೊಲಿಗೆ ಮೆಷಿನ್ನು, ದೇವರ ಪಟ ಹೋದವು. ನರ್ಸಿಂಗ್ ಹೋಮಿನವರು ಬೀಳ್ಕೊಡುಗೆಗೆ ಕೊಟ್ಟಿದ್ದ ಪುಟ್ಟ ಓವನ್ನು ಮಾತ್ರ ಪೆಟ್ಟಿಗೆ ಬಿಚ್ಚದೆ ಬೀರುವಿನ ಮೇಲೆಯೇ ಉಳಿಯಿತು. "ಅಲ್ಲಿ ವೋಲ್ಟೇಜೇ ಇರಲ್ಲಂತೆ. ನೀನೇ ಇಟ್ಕೋ, ಕೇಕ್ ಮಾಡ್ಕೊಂಡ್ ತಿನ್ನು" ಎಂದಿದ್ದಳು ಸರಳಾ. ಒಬ್ಬಳೇ ಕೇಕು ಮಾಡಿಕೊಂಡು ತಿನ್ನುವುದು ಹೇಗೆಂದು ಶಶಿರೇಖಾ ಕೇಳಲಿಲ್ಲ.

ಅವರಿಬ್ಬರಿಗೂ ಒಂದು ರೂಢಿಯಿತ್ತು. ಸಂಜೆ ಆರೂಕಾಲಿಗೆ ಶಶಿರೇಖಾ ಲೈಬ್ರರಿಯಿಂದ ಬರುವಾಗ ಮುಖ್ಯರಸ್ತೆಯ ತಿರುವಿನಲ್ಲಿ ಸೊಣ್ಣಪ್ಪನ ಗಾಡಿಯ ಹತ್ತಿರ ನಿಲ್ಲುತ್ತಿದ್ದಳು. ಅವನು ನಾಲ್ಕು ಆಂಬೊಡೆಗಳನ್ನು ಪೇಪರಿನಲ್ಲಿ ಸುತ್ತಿಕೊಡುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಸರಳಾ ಟೀಗೆ ನೀರಿಟ್ಟಿರುತ್ತಿದ್ದಳು. ಎರಡೆರಡು ಆಂಬೊಡೆ, ಒಂದೊಂದು ಲೋಟ ಟೀ, ಅರ್ಧ ಗಂಟೆ ಮಾತು. ಆಸ್ಪತ್ರೆಯಲ್ಲಿ ಯಾರು ಸತ್ತರು, ಯಾರು ಹೆತ್ತರು, ಯಾವ ಹುಡುಗ ಲೈಬ್ರರಿ ಪುಸ್ತಕದ ಹಾಳೆ ಹರಿದ ಎಂಬ ಸುದ್ದಿಯೆಲ್ಲ ಆ ಅರ್ಧ ಗಂಟೆಯಲ್ಲಿ ಬಂದುಹೋಗುತ್ತಿತ್ತು.

ಸರಳಾ ಹೋದ ಮರುದಿನವೂ ಶಶಿರೇಖಾ ಗಾಡಿಯ ಹತ್ತಿರ ನಿಂತಳು. "ಮಾಮೂಲಿನಾ ಮೇಡಂ?" ಎಂದ ಸೊಣ್ಣಪ್ಪ. ಎರಡು ಸಾಕು ಎನ್ನಬೇಕಿತ್ತು. ಎಂದರೆ ಅವನು ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಿದರೆ ಪಕ್ಕದಲ್ಲಿ ಬಜ್ಜಿ ತಿನ್ನುತ್ತ ನಿಂತವರೂ ತಿರುಗಿ ನೋಡುತ್ತಾರೆ. "ಹ್ಞೂಂ, ಮಾಮೂಲಿ" ಎಂದಳು. ಮನೆಗೆ ಬಂದು ತಾನೇ ಟೀ ಮಾಡಿಕೊಂಡು ನಾಲ್ಕೂ ಆಂಬೊಡೆ ತಿಂದಳು. ಎಸೆಯಲು ಮನಸ್ಸು ಬರಲಿಲ್ಲ. ಮರುದಿನವೂ ಹಾಗೇ ಆಯಿತು. ಏಳು ತಿಂಗಳು ಹಾಗೇ ನಡೆಯಿತು.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ, ಕುರಿಗಳ ರೋಗದ ಮೇಲಿನ ಹಳೆಯ ಸಂಪುಟವೊಂದನ್ನು ತೆಗೆಯಲು ಲೈಬ್ರರಿಯ ಏಣಿ ಹತ್ತಿದ್ದವಳಿಗೆ ಕಣ್ಣು ಕತ್ತಲೆ ಬಂತು. ಬೀಳಲಿಲ್ಲ. ಕಪಾಟನ್ನು ತಬ್ಬಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ನೆಲದ ಮೇಲೆ ಕೂತುಬಿಟ್ಟಳು. ಮಧ್ಯಾಹ್ನ ರಜೆ ಹಾಕಿ ಮನೆಯ ಹತ್ತಿರದ ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ಹುಡುಗಿ ಒಂದು ಫಾರಂ ಕೊಟ್ಟಳು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ಶಶಿರೇಖಾ ಯೋಚನೆಯಿಲ್ಲದೆ ಸರಳಾಳ ಹೆಸರು, ನಂಬರು ಬರೆದಳು. ಅದರ ಪಕ್ಕದಲ್ಲಿ ಸಂಬಂಧ ಎಂಬ ಖಾನೆಯಿತ್ತು. ಅದನ್ನು ಖಾಲಿ ಬಿಟ್ಟು ಫಾರಂ ವಾಪಸು ಕೊಟ್ಟಳು.

"ಇಲ್ಲಿ ಏನ್ ಬರೀಲಿ ಮೇಡಂ? ಸಿಸ್ಟರ್ರಾ?"

"ಅಲ್ಲ. ಫ್ರೆಂಡು."

"ಫ್ಯಾಮಿಲಿಲಿ ಯಾರೂ ಇಲ್ವಾ?"

"ಅಣ್ಣ ಇದಾನೆ, ಬಳ್ಳಾರೀಲಿ."

"ಅಯ್ಯೋ, ಅಷ್ಟ್ ದೂರಾನಾ!" ಎಂದು ಹುಡುಗಿ ಮರುಗಿ, ಖಾನೆಯಲ್ಲಿ ಫ್ರೆಂಡ್ ಎಂದೇ ಬರೆದುಕೊಂಡಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಶಶಿರೇಖಾಳ ಕಿವಿ ಬಿಸಿಯಾಯಿತು.

ಎರಡು ದಿನದ ನಂತರ ರಕ್ತದ ವರದಿ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ಬಿಪಿ ಜಾಸ್ತಿ, ಕೊಬ್ಬಿನಂಶ ಇರಬೇಕಾದ್ದಕ್ಕಿಂತ ತುಂಬ ಮೇಲೆ. "ಕರಿದಿದ್ದು ತಿಂತೀರಾ?"

"ಸಂಜೆ ಸ್ವಲ್ಪ."

"ಇವತ್ತಿಂದ ಆ ಸ್ವಲ್ಪಾನೂ ಬಿಡ್ಬೇಕು. ನಿಮ್ ಹಾರ್ಟು ಇನ್ನೂ ಚೆನ್ನಾಗಿದೆ, ಅದನ್ನ ಕೆಡಿಸ್ಕೋಬೇಡಿ. ವಾಕ್ ಮಾಡಿ. ಸಂಜೆ ಹಸಿವಾದ್ರೆ ಇದನ್ನ ಮನೇಲೇ ಮಾಡ್ಕೊಳ್ಳಿ." ಡಾಕ್ಟರಮ್ಮ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಅದರ ತಲೆಯ ಮೇಲೆ 'ಬೇಳೆ–ತರಕಾರಿ ಬೇಕ್ಡ್ ಕ್ರೋಕೆಟ್' ಎಂದಿತ್ತು, ಎಣ್ಣೆಯಲ್ಲಿ ಕರಿಯದೆ ಓವನ್ನಿನಲ್ಲಿ ಬೇಯಿಸುವ ಕಟ್ಲೆಟ್ಟು. ಕೆಳಗೆ ಕಡಲೆಬೇಳೆ ಒಂದು ಲೋಟ, ಮಸೂರ್ ಬೇಳೆ ಅರ್ಧ ಲೋಟ, ಕ್ಯಾರೆಟ್, ಹುರುಳಿಕಾಯಿ, ಎಲೆಕೋಸು, ಓಟ್ಸ್. ಕೊನೆಯಲ್ಲಿ, ನಾಲ್ಕು ಜನರಿಗೆ ಎಂದು ಬರೆದಿತ್ತು.

ಮನೆಗೆ ಬಂದವಳೇ ಸರಳಾಳಿಗೆ ಫೋನು ಮಾಡಿದಳು. ಆರು ಸಲ ರಿಂಗಾದ ಮೇಲೆ ಸರಳಾ ಎತ್ತಿಕೊಂಡಳು. ಹಿಂದೆ ನೀರು ಸುರಿಯುವ ಸದ್ದು, ಮುದುಕಿಯೊಬ್ಬಳ ಗೊಣಗಾಟ.

"ಶಶಿ, ಅತ್ತೆಗೆ ಸ್ನಾನ ಮಾಡಿಸ್ತಾ ಇದೀನಿ ಕಣೇ, ಕೈಯೆಲ್ಲ ಸೋಪು. ಆಮೇಲೆ ಮಾಡ್ಲಾ?"

"ಮಾಡು, ಮಾಡು. ಏನಿಲ್ಲ, ಸುಮ್ನೆ ಮಾಡ್ದೆ."

ಆ ದಿನ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಐದನೆಯ ದಿನ ಸರಳಾ ಮಾಡಿದಳು. ತೋಟಕ್ಕೆ ಔಷಧಿ ಹೊಡೆಸಿದ್ದು, ಬೋರ್‌ವೆಲ್ಲಿನ ಮೋಟಾರು ಸುಟ್ಟಿದ್ದು, ಅತ್ತೆಯ ಹಟ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ನೀನ್ ಹೇಗಿದೀಯ?" ಎಂದಳು. ಅಷ್ಟು ಹೊತ್ತಿಗೆ ಯಾರೋ ಗೇಟಿನ ಹತ್ತಿರ ಅವಳನ್ನು ಕರೆಯುತ್ತಿದ್ದರು. "ಚೆನ್ನಾಗಿದೀನಿ" ಎಂದಳು ಶಶಿರೇಖಾ.

ಆ ಭಾನುವಾರ ಅವಳು ಸ್ಟೂಲು ಹಾಕಿ ಓವನ್ನನ್ನು ಕೆಳಗಿಳಿಸಿದಳು. ಎಂಟು ತಿಂಗಳ ಧೂಳು ಪೆಟ್ಟಿಗೆಯ ಮೇಲೆ ಕೂತಿತ್ತು. ಬೇಳೆ ಎರಡನ್ನೂ ನೆನೆಹಾಕಿ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿದಳು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಬೇಯಿಸಿದಳು. ಎಲ್ಲವನ್ನೂ ಕಿವುಚಿ, ಹಸಿಮೆಣಸಿನಕಾಯಿ, ಶುಂಠಿ, ಸಬ್ಬಸಿಗೆ ಸೊಪ್ಪು, ಓಟ್ಸ್ ಹಾಕಿ ಕಲಸಿದರೆ ಅದು ಉಂಡೆ ಕಟ್ಟಲಿಲ್ಲ. ಅಂಗೈಗೆ ಮೆತ್ತಿಕೊಂಡಿತು. ಇನ್ನೂ ಓಟ್ಸ್ ಸುರಿದು ಹೇಗೋ ಉದ್ದುದ್ದ ಮಾಡಿ ತಟ್ಟೆಯಲ್ಲಿ ಜೋಡಿಸಿ ಒಳಗಿಟ್ಟಳು. ಓವನ್ನಿನ ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತಳು. ಇಪ್ಪತ್ತು ನಿಮಿಷಕ್ಕೆ ಕರೆಂಟು ಹೋಯಿತು. ಮುಕ್ಕಾಲು ಗಂಟೆಯ ನಂತರ ಬಂತು. ಸಿಟ್ಟಿನಿಂದ ಅವಳು ಶಾಖವನ್ನು ಪೂರ್ತಿ ಏರಿಸಿದಳು. ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಡುಗೆಮನೆಯ ತುಂಬ ಹೊಗೆ.

ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ನಸೀಮಾ ನಿಂತಿದ್ದಳು, ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡು. ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಮೂರು ವರ್ಷದಿಂದ ಅಲ್ಲಿದ್ದರೂ ಮೆಟ್ಟಿಲ ಹತ್ತಿರ ಸಿಕ್ಕಾಗ ನಕ್ಕಿದ್ದು ಬಿಟ್ಟರೆ ಹೆಚ್ಚು ಮಾತಾಗಿರಲಿಲ್ಲ. ಸರಳಾ ಇದ್ದಾಗ ಬೇರೆಯವರ ಮಾತಿನ ಅಗತ್ಯ ಬಿದ್ದಿರಲಿಲ್ಲ.

"ಅಕ್ಕಾ, ಏನ್ ಸುಡ್ತಾ ಐತೆ? ಕೆಳಗಡೆವರ್ಗೂ ವಾಸ್ನೆ ಬರ್ತಾ ಐತೆ. ನಾನು ಹೆದ್ರಿಬಿಟ್ಟೆ!"

ನಸೀಮಾ ಕಿಟಕಿ ತೆರೆದಳು, ತಟ್ಟೆ ಹೊರಗೆಳೆದಳು. ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಒಂದನ್ನು ಮುರಿದು ಬೆರಳಲ್ಲಿ ಉಜ್ಜಿ ನೋಡಿದಳು. "ಇದು ನಮ್ ಶಾಮಿ ಕಬಾಬ್ ತರಾನೇ ಅಲ್ವಾ, ಮಟನ್ ಒಂದ್ ಇಲ್ಲ ಅಷ್ಟೇ. ಬೇಳೇಲಿ ನೀರ್ ಬಿಟ್ಬಿಟ್ಟಿದೀರಾ ಅಕ್ಕಾ. ಕುಕ್ಕರ್ ಬೇಡ. ಬಾಂಡ್ಲೀಲಿ ಬೇಯ್ಸಿ, ಬೇಳೆ ಬೆರಳಲ್ಲಿ ಒಡೀಬೇಕು, ಆದ್ರೆ ಗಂಜಿ ಆಗ್ಬಾರ್ದು. ನೀರೆಲ್ಲ ಇಂಗೋವರ್ಗೂ ಬಿಡ್ಬೇಕು. ತರ್ಕಾರೀನ ಬಟ್ಟೇಲಿ ಹಾಕಿ ಹಿಂಡಿ. ಆಮೇಲೆ ನೋಡಿ, ಹೆಂಗ್ ನಿಲ್ಲುತ್ತೆ."

"ಇದು ಡಾಕ್ಟ್ರು ಕೊಟ್ಟಿದ್ದು" ಎಂದಳು ಶಶಿರೇಖಾ. ಯಾಕೆ ಹೇಳಿದಳೋ ತಿಳಿಯದು. ಇಷ್ಟು ದಿನಗಳಲ್ಲಿ ಆ ವಿಷಯ ಯಾರಿಗೂ ಹೇಳಿರಲಿಲ್ಲ.

ನಸೀಮಾ ಏನಾಗಿದೆ ಎಂದು ಕೆದಕಲಿಲ್ಲ. "ಡಾಕ್ಟ್ರಿಗೆ ಅಡ್ಗೆ ಬರಲ್ಲ ಬಿಡಿ" ಎಂದು ಮಸಿ ಹಿಡಿದ ತಟ್ಟೆಯನ್ನು ಸಿಂಕಿನಲ್ಲಿ ನೆನೆಹಾಕಿ ಇಳಿದುಹೋದಳು.

ಮುಂದಿನ ಭಾನುವಾರ ಶಶಿರೇಖಾ ಬೇಳೆಯನ್ನು ಬಾಣಲೆಯಲ್ಲಿಟ್ಟು ಪಕ್ಕದಲ್ಲೇ ನಿಂತಳು. ನೀರು ಇಂಗುವಾಗ ಬೇಳೆ ಪಿಸುಗುಟ್ಟುತ್ತದೆ, ಆಮೇಲೆ ಸುಮ್ಮನಾಗುತ್ತದೆ ಎಂದು ಅವಳಿಗೆ ಆವತ್ತು ಗೊತ್ತಾಯಿತು. ಬೆಂದ ತರಕಾರಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿದಳು. ಕಿತ್ತಳೆ ಬಣ್ಣದ ನೀರು ಒಂದು ಲೋಟದಷ್ಟು ಬಂತು. ಅದನ್ನು ಸಾರಿಗೆ ಎತ್ತಿಟ್ಟಳು. ಕಲಸಿದ್ದನ್ನು ಹಿಡಿಯಲ್ಲಿ ಒತ್ತಿದರೆ ಬೆರಳಿನ ಗುರುತು ಹಾಗೇ ನಿಂತಿತು. ಬೆರಳುದ್ದದ ಹದಿನಾರು ತುಂಡುಗಳಾದವು. ಓಟ್ಸ್ ಪುಡಿಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಒಂದೊಂದಕ್ಕೂ ಹಾಗೆ ಮುಟ್ಟಿಸಿ, ಓವನ್ನಿನಲ್ಲಿಟ್ಟು, ನಡುವೆ ಒಮ್ಮೆ ಮಗ್ಗುಲು ಬದಲಿಸಿದಳು. ಅರ್ಧ ಗಂಟೆಗೆ ಕಂದುಬಣ್ಣ ಬಂತು. ಕಚ್ಚಿದಾಗ ಸಣ್ಣಗೆ ಕರುಂ ಎಂದಿತು. ಆಂಬೊಡೆಯಂತೆ ಇರಲಿಲ್ಲ. ಆದರೆ ತಿನ್ನುವಂತೆ ಇತ್ತು, ಚೆನ್ನಾಗಿಯೇ ಇತ್ತು.

ನಾಲ್ಕನ್ನು ನಸೀಮಾಳಿಗೆ ಕೊಟ್ಟಳು. ಮೂರು ತಿಂದಳು. ಉಳಿದ ಒಂಬತ್ತು ಮೇಜಿನ ಮೇಲೆ ಕೂತಿದ್ದವು. ಸೋಮವಾರ, ಮಂಗಳವಾರ, ಬುಧವಾರ ಸಂಜೆ ಅವನ್ನೇ ಬಿಸಿಮಾಡಿ ತಿಂದಳು. ಬುಧವಾರದ ಹೊತ್ತಿಗೆ ಅವುಗಳಿಗೆ ಫ್ರಿಜ್ಜಿನ ರುಚಿ ಬಂದಿತ್ತು. ಸೊಣ್ಣಪ್ಪನ ಗಾಡಿ ತಪ್ಪಿಸಲು ಅವಳು ಈಗ ಪಾರ್ಕಿನ ಹಿಂದಿನ ರಸ್ತೆಯಿಂದ ಸುತ್ತಿ ಬರುತ್ತಿದ್ದಳು. ನಡಿಗೆಯೂ ಆದಂತಾಯಿತು ಎಂದು ಸಮಾಧಾನ ಮಾಡಿಕೊಂಡಳು. ಮನೆ ತಲುಪಿದಾಗ ಬೀಗ ತೆಗೆಯುವ ಸದ್ದು ಮಾತ್ರ ದಿನದಿನಕ್ಕೆ ಜೋರಾಗಿ ಕೇಳಿಸುತ್ತಿತ್ತು.

ಜುಲೈ ಕೊನೆಯ ಭಾನುವಾರ ಅವಳು ಬೆಳಿಗ್ಗೆಯೇ ಎದ್ದು ಹದಿನಾರನ್ನೂ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ ರಾಜಾನುಕುಂಟೆಗೆ ಹೊರಟಳು. ಬರುವುದನ್ನು ಸರಳಾಳಿಗೆ ಮೊದಲೇ ತಿಳಿಸಿದ್ದಳು. ಹೆಬ್ಬಾಳದ ಫ್ಲೈಓವರ್ ಕೆಳಗೆ ದೊಡ್ಡಬಳ್ಳಾಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ಇವತ್ತು ಹೇಳಿಬಿಡಬೇಕು ಎಂದುಕೊಂಡಳು. ಯಲಹಂಕ ದಾಟುವವರೆಗೂ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿದಳು. ಹಗುರವಾಗಿ ಹೇಳಬೇಕು. ನೀನು ನರ್ಸು, ನಿನಗೆ ವರದಿ ತೋರಿಸೋಣ ಅಂತ ತಂದೆ, ಎನ್ನಬೇಕು. ವರದಿ ಬ್ಯಾಗಿನಲ್ಲೇ ಇತ್ತು.

ಅಶ್ವತ್ಥಪ್ಪ ಸ್ಕೂಟರಿನಲ್ಲಿ ಬಸ್‌ಸ್ಟಾಪಿಗೆ ಬಂದಿದ್ದ. "ಬನ್ನಿ ಮೇಡಂ, ಬಿಸ್ಲಾಗ್ ಬಂದ್ಬುಟ್ರಿ" ಎಂದು ಡಬ್ಬಿಯನ್ನು ತಾನೇ ಇಸಿದುಕೊಂಡ. ಮನೆಯಲ್ಲಿ ಸರಳಾ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಸ್ವಲ್ಪ ಕಪ್ಪಾಗಿದ್ದಳು, ಮುಖ ತುಂಬಿಕೊಂಡಿತ್ತು. ಅಪ್ಪಿಕೊಂಡಳು, ಕುಡಿಯಲು ಮಜ್ಜಿಗೆ ಕೊಟ್ಟಳು, ಮತ್ತೆ ಒಳಗೆ ಓಡಿದಳು. ಒಲೆಯ ಮೇಲೆ ಬಾಣಲೆಯ ತುಂಬ ಎಣ್ಣೆ ಕಾಯುತ್ತಿತ್ತು.

"ನಿಂಗೆ ಅಂತ ಆಂಬೊಡೆ ಹಾಕ್ತಾ ಇದೀನಿ ಕಣೇ. ಸೊಣ್ಣಪ್ಪನ ತರ ಬರುತ್ತೋ ಇಲ್ವೋ!"

ಶಶಿರೇಖಾ ಬಾಗಿಲಲ್ಲಿ ನಿಂತಳು. "ನಾನೂ ತಂದಿದೀನಿ. ಓವನ್‌ನಲ್ಲಿ ಮಾಡಿದ್ದು. ಇದನ್ನೇ ತಿನ್ನೋಣ."

"ಇದೇನೇ ಹೊಸಾದು? ಎಣ್ಣೇನೇ ಇಲ್ವಾ?" ಸರಳಾ ಒಂದನ್ನು ಕಚ್ಚಿ ನೋಡಿ, "ಚೆನ್ನಾಗಿದೆ, ಆದ್ರೆ ಆಂಬೊಡೆ ಮುಂದೆ ಸಪ್ಪೆ" ಎಂದು ನಕ್ಕಳು.

ಹಜಾರದಲ್ಲಿ ಮಂಚದ ಮೇಲೆ ಕೂತಿದ್ದ ಅಕ್ಕಯ್ಯಮ್ಮ ಕೈ ಚಾಚಿದಳು. ಎಂಬತ್ತು ದಾಟಿದ ಮುದುಕಿ, ಬಾಯಲ್ಲಿ ಒಂದು ಹಲ್ಲೂ ಇಲ್ಲ. "ಯಾರವ್ವ ನೀನು? ಇಂಗ್ ಬಾ, ಕುಂತ್ಕೋ. ಅದೇನ್ ತಂದಿದ್ದೀ?" ಶಶಿರೇಖಾ ಒಂದನ್ನು ಮುರಿದು ಕೊಟ್ಟಳು. ಮುದುಕಿ ಒಸಡಿನಲ್ಲೇ ಹಿಸುಕಿ ನುಂಗಿದಳು. "ಮೆತ್ತಗೈತೆ. ಈ ಯಮ್ಮ ಕರಿಯೋದು ನನ್ ಬಾಯ್ಗೆ ಕಲ್ಲು. ಇನ್ನೊಂದ್ ಕೊಡವ್ವ." ಹೀಗೆ ನಾಲ್ಕು ತಿಂದಳು. ಸರಳಾ ಸೊಂಟದ ಮೇಲೆ ಕೈಯಿಟ್ಟು, "ನೋಡ್ದ್ಯಾ, ನಾನ್ ಏನ್ ಮಾಡಿದ್ರೂ ಇವ್ರಿಗೆ ಕಲ್ಲು" ಎಂದಳು. ಅಶ್ವತ್ಥಪ್ಪ ನಕ್ಕು, ಒಳಗೆ ಹೋಗಿ ಹೆಂಡತಿಗೆ ಟೀ ತಂದುಕೊಟ್ಟ. ಸಕ್ಕರೆ ಕಡಿಮೆ, ಡಿಕಾಕ್ಷನ್ ಹೆಚ್ಚು. ಸರಳಾ ಕುಡಿಯುವುದು ಹಾಗೇ. ಅವಳಿಗೆ ಹಾಗೆ ಟೀ ಮಾಡಿಕೊಡಲು ಶಶಿರೇಖಾಳಿಗೆ ಮಾತ್ರ ಬರುತ್ತಿತ್ತು, ಒಂದು ಕಾಲಕ್ಕೆ.

ಊಟವಾಯಿತು. ತೋಟ ನೋಡಿದ್ದಾಯಿತು. ಮಧ್ಯಾಹ್ನವೆಲ್ಲ ಯಾರಾದರೂ ಒಬ್ಬರು ಜೊತೆಯಲ್ಲಿದ್ದರು. ವರದಿ ಬ್ಯಾಗಿನಿಂದ ಹೊರಗೆ ಬರಲಿಲ್ಲ. ನಾಲ್ಕು ಗಂಟೆಗೆ ಹೊರಡುವಾಗ ಸರಳಾ ತೊಳೆದ ಡಬ್ಬಿಯಲ್ಲಿ ದ್ರಾಕ್ಷಿ ತುಂಬಿಕೊಟ್ಟಳು. ಆಮೇಲೆ ಏನೋ ನೆನಪಾಗಿ ಪರ್ಸು ತೆರೆದು ಒಂದು ಬೀಗದ ಕೈ ತೆಗೆದಳು.

"ಇದು ನನ್ ಹತ್ರಾನೇ ಉಳ್ಕೊಂಡ್ಬಿಟ್ಟಿತ್ತು ಕಣೇ. ನೀನು ಹುಡುಕ್ತಾ ಇದ್ದೆಯೇನೋ."

ಅದು ಸಂಜಯನಗರದ ಮನೆಯ ಎರಡನೆಯ ಕೀಲಿ. ಶಶಿರೇಖಾ ಅದನ್ನು ಹುಡುಕಿರಲಿಲ್ಲ. ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು, ಅಲ್ಲಿಯೇ ಇರಲಿ ಎಂದಿದ್ದಳು. ಕೈ ಚಾಚಿ ತೆಗೆದುಕೊಂಡಳು. "ಹೌದು, ಹುಡುಕ್ತಾ ಇದ್ದೆ" ಎಂದಳು.

ಬಸ್‌ಸ್ಟಾಪಿನವರೆಗೆ ಸರಳಾ ನಡೆದು ಬಂದಳು. ರಸ್ತೆಯ ಎರಡೂ ಕಡೆ ಹೊಸ ಲೇಔಟಿನ ಕಲ್ಲುಗಳನ್ನು ನೆಟ್ಟಿದ್ದರು. ಹುಣಸೆಮರದ ನೆರಳು ಬಂದಾಗ ಸರಳಾ ನಿಂತುಬಿಟ್ಟಳು.

"ಶಶಿ, ನೀನು ಒಂದೂ ಆಂಬೊಡೆ ಮುಟ್ಲಿಲ್ಲ. ಉಪ್ಪಿನಕಾಯೀನೂ ಹಾಕಿಸ್ಕೊಳ್ಲಿಲ್ಲ. ಊಟ ಆದ್ಮೇಲೆ ಮಾತ್ರೆ ನುಂಗ್ದೆ, ನಾನ್ ನೋಡಿದೆ. ಏನಾಗಿದೆ ನಿಂಗೆ?"

"ಏನಿಲ್ಲ."

"ಇಪ್ಪತ್ತೆಂಟ್ ವರ್ಷ ನರ್ಸಾಗಿದ್ದೋಳು ನಾನು. ನನ್ ಹತ್ರ ಏನಿಲ್ಲ ಅನ್ಬೇಡ."

ಶಶಿರೇಖಾ ಬ್ಯಾಗಿನಿಂದ ವರದಿ ತೆಗೆದುಕೊಟ್ಟಳು. ಲೈಬ್ರರಿಯ ಏಣಿಯ ಮೇಲೆ ಕಣ್ಣು ಕತ್ತಲೆ ಬಂದದ್ದನ್ನೂ ಹೇಳಿದಳು. ಸರಳಾ ಅದನ್ನು ಬಿಸಿಲಿಗೆ ಹಿಡಿದು ಓದಿದಳು. ತುಟಿ ಬಿಗಿಯಾಯಿತು. "ಜೂನ್ ಹದಿನಾಲ್ಕು. ಒಂದೂವರೆ ತಿಂಗ್ಳಾಯ್ತು. ಏಣಿ ಮೇಲೆ ತಲೆ ತಿರುಗಿ... ಬಿದ್ದಿದ್ರೆ? ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಫೋನ್ ಮಾಡಿದ್ದೆ."

"ಯಾವಾಗ?"

"ನಿನ್ ಕೈಯೆಲ್ಲ ಸೋಪಾಗಿತ್ತು."

ಶಶಿರೇಖಾ ಅದನ್ನು ಮೆಲ್ಲಗೆ ಹೇಳಿದ್ದಳು. ಆದರೂ ಮಾತು ಹೊರಬಿದ್ದ ಮೇಲೆ ಅದು ಎಷ್ಟು ಚೂಪಾಗಿತ್ತೆಂದು ಅವಳಿಗೇ ತಿಳಿಯಿತು. ಸರಳಾ ವರದಿಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು.

"ಅದಕ್ಕೆ ಒಂದೂವರೆ ತಿಂಗ್ಳು ಬಾಯ್ ಮುಚ್ಕೊಂಡಿರೋದಾ? ಇನ್ನೊಂದ್ ಸಲ ಮಾಡೋಕಾಗ್ತಿರ್ಲಿಲ್ವಾ? ನಾನೇನ್ ಸತ್ತೋಗಿದೀನಾ?"

"ನಿನ್ ಸಂಸಾರದ್ ಮಧ್ಯೆ ನಂದೊಂದು ಯಾಕೆ ಅಂತ..."

"ನನ್ ಸಂಸಾರ!" ಸರಳಾಳ ಕಣ್ಣಲ್ಲಿ ನೀರು ಬಂತು. "ಹಾಗಾದ್ರೆ ಅದೇನಾಗಿತ್ತೇ, ಹತ್ತೊಂಬತ್ ವರ್ಷ?"

ಬಸ್ಸು ಬಂತು. ಕಂಡಕ್ಟರ್ ಅವಸರ ಮಾಡಿದ, ಶಶಿರೇಖಾ ಹತ್ತಿದಳು. ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ದ್ರಾಕ್ಷಿಯ ಡಬ್ಬಿ. ಯಲಹಂಕ ಬರುವವರೆಗೂ ಕಣ್ಣೀರು ತಾನೇ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಂದಿನಿಂದ ಸರಳಾ ದಿನಾ ಸಂಜೆ ಫೋನು ಮಾಡತೊಡಗಿದಳು. ಮಾತ್ರೆ ತಗೊಂಡೆಯಾ, ಬಿಪಿ ಎಷ್ಟಿದೆ, ನಡೆದೆಯಾ ಎಂದು ಕೇಳುತ್ತಿದ್ದಳು. ಸೆಪ್ಟೆಂಬರಿನಲ್ಲಿ ಅದು ದಿನ ಬಿಟ್ಟು ದಿನವಾಯಿತು. ದ್ರಾಕ್ಷಿ ಗಿಡ ಸವರುವ ಕಾಲಕ್ಕೆ ವಾರಕ್ಕೊಮ್ಮೆ ಆಯಿತು. ಶಶಿರೇಖಾ ತಪ್ಪು ತಿಳಿಯಲಿಲ್ಲ. ಆರೂಕಾಲಿಗೆ ಫೋನನ್ನು ಟೀ ಲೋಟದ ಪಕ್ಕ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಬಿಡಲಾಗಲಿಲ್ಲ. ಎರಡನೆಯ ಕೀಲಿಯನ್ನು ನಸೀಮಾಳಿಗೆ ಕೊಟ್ಟಳು. "ನಾನೊಬ್ಳೇ ಇರ್ತೀನಲ್ಲ, ಯಾವ್ದಕ್ಕೂ ನಿನ್ ಹತ್ರ ಇರ್ಲಿ." ನಸೀಮಾ ಅದನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯೊಳಗೆ ಹಾಕಿಟ್ಟಳು. ಒಂದು ದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಎಂಟು ಗಂಟೆಯಾದರೂ ಬಾಗಿಲಲ್ಲೇ ಇದ್ದದ್ದು ಕಂಡು, ಕೀಲಿ ಹಿಡಿದು ಓಡಿಬಂದಿದ್ದಳು. ಶಶಿರೇಖಾ ಭಾನುವಾರವೆಂದು ಮಲಗಿದ್ದಳು, ಅಷ್ಟೇ. ಇಬ್ಬರಿಗೂ ನಾಚಿಕೆಯಾಯಿತು. ಆಮೇಲೆ ನಸೀಮಾ ಟೀ ಕುಡಿದು ಹೋದಳು.

ಮುಂದಿನ ರಕ್ತದ ವರದಿ ಪರವಾಗಿಲ್ಲ ಎಂಬಂತೆ ಬಂತು. ಡಾಕ್ಟರಮ್ಮ ಬೆನ್ನು ತಟ್ಟಿದರು. ಅದನ್ನು ಹೇಳಲು ಫೋನು ಮಾಡಿದಾಗ ಸರಳಾ ಕುಣಿದಾಡಿದಳು. "ಡಿಸೆಂಬರಲ್ಲಿ ಬರ್ತೀನಿ ಕಣೇ, ಒಂದಿನ ಇರ್ತೀನಿ. ನಮ್ ನರ್ಸಿಂಗ್ ಹೋಮಿನ ಆಯಮ್ಮ ಗೋಪಾಲಮ್ಮ ಇದಾರಲ್ಲ, ಅವ್ರ ರಿಟೈರ್‌ಮೆಂಟು."

ಶಶಿರೇಖಾ ಆ ದಿನಕ್ಕಾಗಿ ಮನೆ ಸಾರಿಸಿದಳು. ಸರಳಾಳ ಕೋಣೆಯ ಮಂಚಕ್ಕೆ ಹೊಸ ಚಾದರ ಹಾಸಿದಳು. ಸರಳಾ ಮಧ್ಯಾಹ್ನವೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಡುವ ಮೊದಲು ಒಂದು ಗಳಿಗೆ ನಿಂತಳು. ಮೊದಲಾದರೆ ಚಪ್ಪಲಿಯನ್ನು ಒಳಗೇ ಎಳೆದುಕೊಂಡು ಬಂದು ಬೈಸಿಕೊಳ್ಳುತ್ತಿದ್ದವಳು.

ಇಬ್ಬರೂ ಸೇರಿ ಕಟ್ಲೆಟ್ಟು ಮಾಡಲು ನಿಂತರು. ಶಶಿರೇಖಾ ಈಗ ಸಪ್ಪಗಾಗದಂತೆ ಜೀರಿಗೆ ಹುರಿದು ಹಾಕುತ್ತಿದ್ದಳು, ನಿಂಬೆಹಣ್ಣು ಹಿಂಡುತ್ತಿದ್ದಳು. ಸರಳಾ ತರಕಾರಿ ಹೆಚ್ಚಲು ಕೂತಳು. "ಈಳಿಗೆಮಣೆ ಎಲ್ಲಿಟ್ಟಿದೀಯಾ?" ಎಂದಳು. ಆಮೇಲೆ, "ಉಪ್ಪು ಎಲ್ಲಿ?" "ಈ ಬಟ್ಟೆ ತಗೋಬೋದಾ?" ಪ್ರತಿಯೊಂದನ್ನೂ ಕೇಳಿ ಮುಟ್ಟುತ್ತಿದ್ದಳು. ಒಂದು ವರ್ಷದಲ್ಲಿ ಡಬ್ಬಿಗಳೆಲ್ಲ ಒಬ್ಬಳ ಕೈಗೆ ಎಟುಕುವಂತೆ ಜಾಗ ಬದಲಾಯಿಸಿದ್ದವು. ಅದು ಶಶಿರೇಖಾಳ ಗಮನಕ್ಕೇ ಬಂದಿರಲಿಲ್ಲ.

ಹಿಟ್ಟನ್ನು ಉದ್ದಕ್ಕೆ ಹೊಸೆಯುತ್ತ ಸರಳಾ ಇದ್ದಕ್ಕಿದ್ದಂತೆ ಹೇಳಿದಳು: "ಅವ್ರು ಒಳ್ಳೇವ್ರು ಕಣೇ. ಒಂದ್ ಮಾತು ಜೋರಾಗಿ ಆಡಲ್ಲ. ಆದ್ರೆ ಆಡೋದೇ ಇಲ್ಲ. ತೋಟದಿಂದ ಬರ್ತಾರೆ, ಊಟ ಮಾಡ್ತಾರೆ, ಮಲಗ್ತಾರೆ. ಒಂದೊಂದ್ ಸಂಜೆ ನಾನು ಅತ್ತೆ ಹತ್ರ ಕೂತು ಆಸ್ಪತ್ರೆ ಕತೆ ಹೇಳ್ತೀನಿ. ಅವ್ರಿಗೆ ಅರ್ಧ ಕಿವಿ ಕೇಳಲ್ಲ."

ಶಶಿರೇಖಾ ಕೈ ನಿಲ್ಲಿಸಿದಳು. ಆರೂಕಾಲಿನ ಹೊತ್ತು ರಾಜಾನುಕುಂಟೆಯಲ್ಲೂ ಬರುತ್ತದೆ ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಇಂಥ ಮಾತು ಕೇಳಲು ತಾನು ಒಳಗೊಳಗೇ ಕಾದಿರಬಹುದು ಎಂದು ಅವಳಿಗೆ ಅನುಮಾನವಿತ್ತು. ಕೇಳಿದ ಮೇಲೆ ಸಂತೋಷವೇನೂ ಆಗಲಿಲ್ಲ.

"ಬಂದ್ಬಿಡೋ ಹಾಗೇನಾದ್ರೂ..." ಎಂದಳು ಮೆಲ್ಲಗೆ.

"ಇಲ್ಲ ಇಲ್ಲ. ಹಾಗಲ್ಲ." ಸರಳಾ ತಲೆಯಾಡಿಸಿದಳು. "ಅದು ನನ್ ಮನೆ ಕಣೇ ಈಗ. ಸುಮ್ನೆ ನಿಂಗ್ ಹೇಳ್ದೆ ಅಷ್ಟೇ. ಇನ್ಯಾರಿಗ್ ಹೇಳ್ಲಿ?"

ಅವರು ಬಿಸಿಬಿಸಿ ತಿಂದರು, ಟೀ ಕುಡಿದರು, ಗೋಪಾಲಮ್ಮನ ಸಮಾರಂಭಕ್ಕೆ ಹೋಗಿಬಂದರು. ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಸರಳಾ ಹೊರಟಳು. ಅತ್ತೆಗೆ ಇನ್ಸುಲಿನ್ ಕೊಡುವ ಹೊತ್ತಿಗೆ ತಲುಪಬೇಕಿತ್ತು. ಮುದುಕಿಗೆಂದು ಶಶಿರೇಖಾ ಆರು ಕಟ್ಲೆಟ್ಟು ಕಟ್ಟಿಕೊಟ್ಟಳು. ಆಟೋದಲ್ಲಿ ಕೂತ ಮೇಲೆ ಸರಳಾ ಅವಳ ಕೈ ಹಿಡಿದುಕೊಂಡು, "ನಾನ್ ಫೋನ್ ಎತ್ತಲಿಲ್ಲ ಅಂದ್ರೆ ಎತ್ತೋವರ್ಗೂ ಮಾಡು. ಕೇಳಿಸ್ತಾ?" ಎಂದಳು. ಶಶಿರೇಖಾ ಹ್ಞೂಂ ಎಂದಳು. ಆಟೋ ತಿರುವಿನಲ್ಲಿ ಮರೆಯಾಯಿತು.

ಮೇಲೆ ಬಂದು ಕೋಣೆಯ ಬಾಗಿಲು ತೆರೆದಳು. ಸರಳಾ ಹೊದ್ದ ಚಾದರವನ್ನು ಮಡಿಸಿ, ಅಂಚಿಗೆ ಅಂಚು ಕೂಡಿಸಿ, ಅದರ ಮೇಲೆ ದಿಂಬು ಇಟ್ಟು ಹೋಗಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಬೆಳಿಗ್ಗೆಯೂ ಅವಳು ಹಾಸಿಗೆ ಮಡಿಸಿದ್ದಿಲ್ಲ. ಶಶಿರೇಖಾ ಮಂಚದ ತುದಿಯಲ್ಲಿ ಕೂತಳು. ಕೆಳಗೆ ನಸೀಮಾಳ ಮೆಷಿನ್ನು ಶುರುವಾಯಿತು. ಎಂಟಾಯಿತು, ಎಂಟೂವರೆಯಾಯಿತು. ಲೈಬ್ರರಿಯ ಬಾಗಿಲು ತೆರೆಯಬೇಕಾದವಳು ಅವಳೇ. ಪರೀಕ್ಷೆಯ ದಿನಗಳು, ಹುಡುಗರು ಆಗಲೇ ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ಎದ್ದು, ಮುಖ ತೊಳೆದು, ಸೀರೆ ಉಟ್ಟು ಹೊರಟಳು.